ಶಾಲೆಯ ಕಟ್ಟೆಯ ಮೇಲೆ ಅಜ್ಜಿ

ಶಾಂತಾ, ನಿನ್ನ ಮೊಣಕಾಲು ನೋವು ಹೇಗಿದೆ? ಬಸಣ್ಣನ ಕೆಮ್ಮು ನಿಂತಿತೇ? ನಾನು ಆರಾಮಿದ್ದೇನೆ.

ಇವತ್ತು ಹರಳೆಣ್ಣೆ ಕಾಯಿಸುವಾಗ ಆ ವಾಸನೆಗೆ ದಾಂಡೇಲಿಯ ನಮ್ಮ ಬಚ್ಚಲು ನೆನಪಾಯಿತು. ಅಪ್ಪ ಆಗ ಅಲ್ಲಿನ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ನಾನಿನ್ನೂ ಸಣ್ಣ ತರಗತಿಯಲ್ಲಿದ್ದೆ. ಒಂದು ದಿನ ಎಣ್ಣೆ ಹಚ್ಚುತ್ತಿದ್ದ ಅಜ್ಜಿಯ ಕೈ ನನ್ನ ಬೆನ್ನಿನ ಮೇಲೆ ಗಕ್ಕನೆ ನಿಂತಿತು.

"ಏನವಾ ಇದು, ಬೆನ್ನ ತುಂಬ ಬಾಸುಂಡಿ?"

"ಬಿದರಿನ ರಾಶಿ ಮ್ಯಾಲ ಬಿದ್ದೆ."

"ಬಿದ್ರ ಹಿಂಗ ಸಾಲು ಹಿಡದು ಗೆರಿ ಮೂಡತಾವೇನ?"

ಮಾಸ್ತರರು ಹೊಡೆದರೆಂದರೆ ಮನೆಯಲ್ಲೂ ಏಟು ಬೀಳುತ್ತಿದ್ದ ಕಾಲ ಅದು. ಅದಕ್ಕೇ ನಾನು ಮಾಸ್ತರರ ಬೆತ್ತದ ಮಾತು ಎತ್ತಲಿಲ್ಲ. ಅಜ್ಜಿಗೆ ಮೊದಲು ಅಪ್ಪನ ಮೇಲೇ ಸಂಶಯ.

"ನಾ ಕೈ ಹಚ್ಚಿಲ್ಲಬೇ," ಎಂದ ಅಪ್ಪ.

ಅವಳು ಪೂರ್ತಿ ನಂಬಲಿಲ್ಲ, ಆದರೆ ಶಾಲೆಯ ಮೇಲೂ ಗುಮಾನಿ ಬಂತು. ಮರುದಿನ ಅಕ್ಕಿಯ ಮೊರ ಹಿಡಿದು ಬಂದು ಶಾಲೆಯ ಕಟ್ಟೆಯ ಮೇಲೆ, ಕಿಟಕಿಗೆ ಮುಖ ಮಾಡಿ ಕುಳಿತಳು.

"ಯಾಕ ಬಂದೀರಿ ಅಮ್ಮಾ?" ಮಾಸ್ತರರು ಕೇಳಿದರು.

"ಮನ್ಯಾಗ ಬೆಳಕಿಲ್ರಿ. ನೀವು ಕಲಿಸ್ರಿ, ನಾ ಕಲ್ಲು ಆರಸ್ತೇನಿ."

ಅವಳ ಕಣ್ಣು ಅಕ್ಕಿಯ ಮೇಲಿರಲಿಲ್ಲ, ಮಾಸ್ತರರ ಕೈಯ ಮೇಲಿತ್ತು. ಆ ಕೈ ದಿನವಿಡೀ ಬೆತ್ತ ಮುಟ್ಟಲಿಲ್ಲ.

"ನಾ ಕುಂತಿದ್ದಕ್ಕ ಹೊಡೀಲಿಲ್ಲ," ಎನ್ನುತ್ತ ಮರುದಿನವೂ ಹೋದಳು. ಪರೀಕ್ಷೆ ಮುಗಿಯುವವರೆಗೂ ಹೋದಳು.

ಶಾಂತಾ, ಶಾಲೆ ಎಂದರೆ ನಿನ್ನ ಮೊಮ್ಮಗ ಹೊಟ್ಟೆ ಹಿಡಿದುಕೊಳ್ಳುತ್ತಾನೆ ಎಂದು ಬರೆದಿದ್ದೀ. ನನಗೇಕೋ ಅದು ಹೊಟ್ಟೆನೋವು ಅನಿಸುತ್ತಿಲ್ಲ. ನಾಳೆ ನೀನೇ ಸ್ನಾನ ಮಾಡಿಸಿ ಅವನ ಬೆನ್ನು ನೋಡು. ನೋಡಿದ ಕೂಡಲೇ ನನಗೆ ಬರಿ.