ಆರು ಮೂಲೆಯ ತುಂಡು, ಐವತ್ತು ನಿಮಿಷದ ದಾರಿ

ಬೆಳಗಿನ ಐದೂ ನಲವತ್ತರ ರೈಲು. ಹೊರಗೆ ಇನ್ನೂ ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತಿಲ್ಲ. ಮೂರನೇ ಬೋಗಿಯ ಕಿಟಕಿ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ, ಐವತ್ತೆರಡರ ಹೆಂಗಸೊಬ್ಬರು ತೊಡೆಯ ಮೇಲೆ ತಗಡಿನ ಪುಟ್ಟ ಡಬ್ಬಿ ತೆರೆದಿದ್ದಾರೆ. ಅದರಲ್ಲಿ ಎರಡು ಸೂಜಿ, ದಾರದುಂಡೆ, ಮೊಂಡು ಕತ್ತರಿ, ಒಂದಿಷ್ಟು ಬಟ್ಟೆ ಚೂರು, ಆರು ಮೂಲೆಯ ಕಾಗದಗಳು. ಕಾಗದದ ಮೇಲೆ ಬಟ್ಟೆಯ ಅಂಚು ಮಡಚಿ ಟಾಕು ಹಾಕುತ್ತಾರೆ. ಸೇತುವೆಯ ಮೇಲೆ ಬೋಗಿ ಅಡ್ಡಡ್ಡ ಆಡುವುದರಿಂದ ಅಲ್ಲಿ ಸೂಜಿ ನಿಲ್ಲುತ್ತದೆ. ದಾಟಿದ ಮೇಲೆ ಮತ್ತೆ ಶುರು.

ಜೊತೆಯ ಪ್ರಯಾಣಿಕರಿಗೆ ಇವರು ಡಬ್ಬಿ ಅಕ್ಕ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ದಿನಕ್ಕೆ ಆರುನೂರು ಹಾಸುಬಟ್ಟೆ ಮಡಚಬೇಕು, ನಿಂತೇ. ಮನೆಗೆ ಬಂದರೆ ಅಡುಗೆ, ನೀರು, ಅತ್ತೆಯ ಸ್ನಾನ, ಔಷಧಿ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆರಡು ಸಲ ಮನೆಯ ಮುಖ ನೋಡುತ್ತಾರೆ. "ಕೂತು ಮಾಡೋ ಕೆಲಸ ಅಂತ ನನಗೆ ಸಿಗೋದು ರೈಲಲ್ಲಿ ಮಾತ್ರ" ಎನ್ನುತ್ತಾರೆ ಅಕ್ಕ.

ಅತ್ತೆಗೆ ಎಂಬತ್ತನಾಲ್ಕು. ನಲವತ್ತು ವರ್ಷ ಬಟ್ಟೆ ಹೊಲಿದು ಸಂಸಾರ ನಡೆಸಿದವರು. ಈ ಚೂರುಗಳೆಲ್ಲ ಅವರು ಕೂಡಿಟ್ಟ ಮೂಟೆಯವು. ಈಗ ಕಣ್ಣು ಪೂರ್ತಿ ಹೋಗಿದೆ, ಹೃದಯವೂ ಸೋತಿದೆ. ವರ್ಷವೂ ಇರಬಹುದು, ತಿಂಗಳೂ ಇರಬಹುದು ಎಂದರಂತೆ ಡಾಕ್ಟರು. ಮರುದಿನವೇ ಸೊಸೆ ಡಬ್ಬಿ ಹಿಡಿದು ರೈಲು ಹತ್ತಿದರು. ಏಳುನೂರು ತುಂಡು ಸೇರಿದರೆ ಅತ್ತೆ ಹೊದೆಯಲು ಒಂದು ಕೌದಿ. ಹೋಗುವ ಐವತ್ತು ನಿಮಿಷಕ್ಕೆ ಎರಡು, ಬರುವಾಗ ಮೂರು, ವಾರದ ಆರು ದಿನಕ್ಕೆ ಮೂವತ್ತು. ಭಾನುವಾರ ಮನೆಯಲ್ಲಿ ಜೋಡಣೆ ಎಂದು ಲೆಕ್ಕ ಹಾಕಿಕೊಂಡರು.

ಮುನ್ನೂರ ಮೂವತ್ತು ತುಂಡು ಮುಗಿದಾಗ ಪಜೀತಿಯಾಯಿತು. ಕಾಗದ ಕತ್ತರಿಸಲು ಇಟ್ಟುಕೊಂಡಿದ್ದ ತಗಡಿನ ಅಚ್ಚು ಸೀಟಿನ ಸಂದಿಗೆ ಬಿದ್ದು ಕಳೆದುಹೋಯಿತು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ನಿನ್ನೆಯ ಕಾಗದವನ್ನೇ ಇಟ್ಟು ಸುತ್ತ ಪೆನ್ಸಿಲ್ ಎಳೆದು ಇವತ್ತಿನದನ್ನು ಕತ್ತರಿಸಿದರು; ನಾಳೆ, ಇವತ್ತಿನದನ್ನಿಟ್ಟು. ಪ್ರತಿ ನಕಲಿಗೂ ಪೆನ್ಸಿಲಿನ ಗೆರೆ ಕೂದಲೆಳೆಯಷ್ಟು ಸೇರುತ್ತ ಹೋಗಿ ಹದಿನೆಂಟು ದಿನಕ್ಕೆ ಎರಡು ಮಿಲಿಮೀಟರ್ ಆಯಿತು. ಆ ಮೂರು ಭಾನುವಾರವೂ ಅತ್ತೆಗೆ ಜ್ವರ. ಜೋಡಣೆಯಿಲ್ಲದೆ ತಪ್ಪು ಕಾಣಲೇ ಇಲ್ಲ.

ಕೊನೆಗೆ ಜೋಡಿಸಿದಾಗ ಬಟ್ಟೆ ಉಬ್ಬಿಕೊಂಡಿತು. ಅತ್ತೆ ಬೆರಳಾಡಿಸಿ ಕೇಳಿದರು: "ಇದೇನೇ, ಕೆಳಗೆ ಬೆಕ್ಕು ಮಲಗಿಸಿದ್ದೀಯಾ?"

ಉಬ್ಬಿದರೇನು, ಬೆಚ್ಚಗಿದ್ದರೆ ಸಾಲದೇ ಎಂದರು ಬೋಗಿಯವರು. ಅಕ್ಕ ಒಪ್ಪಲಿಲ್ಲ. "ನನಗೆ ಸೂಜಿ ಹಿಡಿಯೋದು ಕಲಿಸಿದ ಕೈ ಅದು. ಕಣ್ಣಿಲ್ಲ ಅಂತ ಅದಕ್ಕೆ ಮೋಸ ಮಾಡೋಕಾಗುತ್ತಾ?" ತೊಂಬತ್ತು ತುಂಡನ್ನೂ ಬಿಚ್ಚಿದರು. ದೊಡ್ಡದಾಗಿದ್ದುದೇ ಪುಣ್ಯ, ಕತ್ತರಿಸಿ ಸರಿಮಾಡಬಹುದಿತ್ತು. ಆದರೆ ಮೂರು ವಾರ ಹೋಯಿತು, ಅದೂ ದಿನ ಎಣಿಸುತ್ತಿದ್ದ ಮನೆಯಲ್ಲಿ. 

ದಾರಿ ತೋರಿಸಿದ್ದು ಅತ್ತೆಯೇ. ಪೂರ್ತಿಯಾಗಲಿ ಅಂತ ಕಾಯೋಕೆ ನಾನೇನು ಮದುವಣಗಿತ್ತಿಯಾ, ಆಗಿರುವಷ್ಟನ್ನು ಕೊಡು ಎಂದರಂತೆ. ಮುನ್ನೂರ ಮೂವತ್ತು ತುಂಡಿಗೆ ಅಸ್ತರಿ ಹಾಕಿ ಹೊದಿಸಿದರೆ ಕುತ್ತಿಗೆಯಿಂದ ಮಂಡಿಯವರೆಗೆ ಬಂತು. ಕಾಲಿನ ಕಡೆಯ ಅಂಚನ್ನು ಹೊಲಿಯದೆ ಬಿಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಅತ್ತೆ ಗೊಣಗುತ್ತ ಕೌದಿ ಬಿಟ್ಟುಕೊಡುತ್ತಾರೆ. ಸಂಜೆ ಒಂದೆರಡು ಸಾಲು ಉದ್ದವಾಗಿ ವಾಪಸು ಬರುತ್ತದೆ.

ಈಗ ಐನೂರ ನಲವತ್ತು ತುಂಡು. ಪಾದ ಇನ್ನೂ ಹೊರಗಿದೆ. ನೋಡಲು ಬಂದವರಿಗೆಲ್ಲ ಅತ್ತೆ ಹೇಳುವುದು ಒಂದೇ: "ಕಾಲು ಮುಚ್ಚೋವರೆಗೂ ನಾನು ಎಲ್ಲಿಗೂ ಹೊರಡಲ್ಲ."

ಹಾಗಾದರೆ ಇನ್ನು ಐದಾರು ವಾರದಲ್ಲಿ ಮುಗಿಯುತ್ತದಲ್ಲ ಎಂದು ಕೇಳಿದರೆ ಅಕ್ಕ ದಾರ ಕತ್ತರಿಸಿ, ಡಬ್ಬಿ ಮುಚ್ಚುತ್ತಾರೆ. ನಿಲ್ದಾಣಕ್ಕೆ ಇನ್ನೂ ಇಪ್ಪತ್ತು ನಿಮಿಷವಿದೆ.

"ಮೊದಲು ದಿನಕ್ಕೆ ಐದು ಹೊಲೀತಿದ್ದೆ," ಎನ್ನುತ್ತಾರೆ. "ಈಗ ಎರಡೇ. ಆಮೇಲೆ ಸುಮ್ಮನೆ ಕಿಟಕಿಯಾಚೆ ನೋಡ್ತಾ ಕೂರ್ತೀನಿ."