ವರದಿಗೆ ಸೇರಿದ ತುಪ್ಪದ ಕುಡಿಕೆ

ನಮ್ಮ ಜಿಲ್ಲೆ ಮುಂಬೈಯಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನಗೆ ನೌಕರಿ ಸಿಕ್ಕಿತು. ಪುಣೆಯಲ್ಲಿ ಎರಡು ವರ್ಷ ಮಾನವಶಾಸ್ತ್ರ ಓದಿ ಬಂದಿದ್ದೆ. ಅದನ್ನು ಓದಿದರೆ ಏನು ಕೆಲಸ ಸಿಗುತ್ತದೆಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಹಾಗಿರುವಾಗ ಸಿರಸಿಯ ಒಂದು ಕಚೇರಿಯವರು ಕರೆದು, ಕಾಡಂಚಿನ ಊರುಗಳಲ್ಲಿ ಜನ ಹೇಗೆ ಬದುಕುತ್ತಾರೆ, ಕಾಡಿನಿಂದ ಏನೇನು ತರುತ್ತಾರೆ ಎಂದು ಬರೆದುಕೊಡಿ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓದಿದ್ದು ಉಪಯೋಗಕ್ಕೆ ಬಂತಲ್ಲ!

ಮೊದಲು ಆರಿಸಿದ ಊರು ಸಿದ್ದಾಪುರ ತಾಲೂಕಿನ ಮನ್ಮನೆಯ ಹತ್ತಿರದ್ದು, ನನ್ನ ಸೋದರಮಾವನ ಊರು. ಉಳಿಯಲು ಜಾಗ, ಊಟ ಎರಡೂ ಆಯಿತು. ಮಾವನಿಗೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಗೊಬ್ಬರಕ್ಕೆ ಸೊಪ್ಪು ಕಡಿಯಲೆಂದು ಸರಕಾರ ತೋಟದವರಿಗೆ ಬಿಟ್ಟುಕೊಟ್ಟ ಕಾಡು ಅದು. ನೆಲ ಸರಕಾರದ್ದು, ಸೊಪ್ಪು ತೋಟದವರದ್ದು, ಬೇರೆ ಯಾರೂ ಅದರೊಳಗೆ ಕಾಲಿಡುವಂತಿಲ್ಲ, ಬಿಟ್ಟರೆ ಬೆಟ್ಟ ಸರಕಾರಕ್ಕೆ ವಾಪಸ್ಸು. ಕಾಗದದಲ್ಲಿ ಹಾಗಿತ್ತು.

ಆದರೆ ಬೆಟ್ಟದ ಕೆಳಗಿನ ಕೇರಿಯ ವಿಧವೆಯೊಬ್ಬಳು ಮಗಳನ್ನು ಕಟ್ಟಿಕೊಂಡು ಬದುಕುತ್ತಿದ್ದದ್ದೇ ಆ ಬೆಟ್ಟದಿಂದ. ಒಣ ಕಟ್ಟಿಗೆ ತರುತ್ತಿದ್ದಳು. ಉಪ್ಪಾಗೆ ಹಣ್ಣು ಬಿದ್ದಾಗ ಆರಿಸಿ ತಂದು, ಸಿಪ್ಪೆಯಿಂದ ಹುಳಿ, ಬೀಜದಿಂದ ತುಪ್ಪ ತೆಗೆದು ಸಂತೆಗೆ ಒಯ್ಯುತ್ತಿದ್ದಳು. ಮಾವನ ಅಪ್ಪಣೆ ಇದೆಯೇ ಎಂದು ಕೇಳಿದೆ. ಅವಳು ನಕ್ಕಳು.

"ಅಪ್ಪಣೆ ಎಂತಕ್ಕೆ ಸಣ್ಣೊಡೇರೆ? ಮೊದ್ಲು ತೆಗ್ದ ತುಪ್ಪ ಒಂದು ಕುಡಿಕೆ ಅವ್ರ ಕೊಟ್ಟಿಗೆ ಕಟ್ಟೆ ಮೇಲೆ ಇಟ್ಟು ಬತ್ತೀನಿ. ಅಮ್ಮೋರು ತುಪ್ಪ ತಗಂಡು ಕುಡಿಕೇಲಿ ಬೆಲ್ಲ ಹಾಕಿ ಅಲ್ಲೇ ಇಡ್ತಾರೆ. ನಾನು ಕೇಳೂದಿಲ್ಲ, ಅವ್ರು ಹೇಳೂದಿಲ್ಲ."

ಕುಡಿಕೆಯಲ್ಲಿ ಬೆಲ್ಲ ಬಂತೆಂದರೆ ಮುಂದಿನ ವರ್ಷದವರೆಗೂ ಬೆಟ್ಟಕ್ಕೆ ಹೋಗಬಹುದು ಎಂದರ್ಥ. ಅವಳ ಅತ್ತೆಯ ಕಾಲದಿಂದಲೂ ನಡೆದು ಬಂದದ್ದು. ನಾನು ಚಿಕ್ಕವನಿದ್ದಾಗ ಆ ಕಟ್ಟೆಯ ಮೇಲಿನ ಬೆಲ್ಲ ಕದ್ದು ತಿಂದವನೇ. ಪುಣೆಗೆ ಹೋಗಿ ಬಂದ ಮೇಲೆ ಅದರ ಅರ್ಥ ತಿಳಿಯಿತು ನೋಡಿ! ಖುಷಿಯಲ್ಲಿ ನಾಲ್ಕು ಪುಟ ಬರೆದೆ. ಯಾರ ಮನೆ, ಯಾವ ಬೆಟ್ಟ, ಎಷ್ಟು ಹೊರೆ ಕಟ್ಟಿಗೆ, ಎಷ್ಟು ಬುಟ್ಟಿ ಹಣ್ಣು, ಒಂದನ್ನೂ ಬಿಡಲಿಲ್ಲ. ಕೊನೆಗೆ, ಇಂಥವರ ಹಕ್ಕನ್ನು ಸರಕಾರ ದಾಖಲೆ ಮಾಡಿಕೊಳ್ಳಬೇಕು ಎಂದು ಶಿಫಾರಸನ್ನೂ ಸೇರಿಸಿದೆ. ಅವಳಿಗೆ ದೊಡ್ಡ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಕಚೇರಿಯವರು ವರದಿಯನ್ನು ಮೆಚ್ಚಿಕೊಂಡರು. ಆಮೇಲೆ ಅದರ ಒಂದು ಪ್ರತಿ ಕಾಡಿನ ಉಸ್ತುವಾರಿಯವರ ಕೈಗೆ ಹೋಯಿತು. ಅವರಿಗೆ ನನ್ನ ಶಿಫಾರಸು ಬೇಕಾಗಿರಲಿಲ್ಲ, ಹೊರೆ ಮತ್ತು ಬುಟ್ಟಿ ಸಾಕಾಗಿದ್ದವು. ಗಾರ್ಡ್ ಬಂದು ಮಾವನ ಜಗಲಿಯಲ್ಲಿ ಕೂತು, ನಾನು ಬರೆದದ್ದನ್ನು ಓದಿ ಹೇಳಿ, ಇದಕ್ಕೆ ನಿಮ್ಮ ಒಪ್ಪಿಗೆ ಇತ್ತೇ ಎಂದು ಕೇಳಿದ. ಮಾವ ಇಲ್ಲ ಎಂದು ಸಹಿ ಹಾಕಿದರು. ಗಾರ್ಡ್ ಕೇರಿಗೆ ಇಳಿದು ಅವಳ ಕತ್ತಿ, ಬುಟ್ಟಿ ಎರಡನ್ನೂ ಒಯ್ದ. ಇನ್ನು ಬೆಟ್ಟ ಹತ್ತಿದರೆ ಕೇಸು ಎಂದು ಹೇಳಿ ಹೋದ.

ಮುಂದಿನ ವರದಿಗೆಂದು ಯಲ್ಲಾಪುರದಲ್ಲಿದ್ದ ನಾನು ಸುದ್ದಿ ಕೇಳಿ ಓಡಿ ಬಂದೆ. ಮಾವನ ಮೇಲೆ ಸಿಟ್ಟು ಬಂದಿತ್ತು. ಒಂದು ಹೂಂ ಹೇಳಲಿಕ್ಕೆ ನಿಮಗೇನು ಕಷ್ಟವಾಗಿತ್ತು ಎಂದು ಕೇಳಿಯೇಬಿಟ್ಟೆ.

"ಹೂಂ ಹೇಳಿದ್ರೆ ಎನ್ನ ಬೆಟ್ಟನೂ ಹೋಗ್ತು ತಮಾ," ಎಂದರು ಮಾವ. "ಇಷ್ಟು ವರ್ಷ ಆ ಹೆಂಗ್ಸು ಕೇಳಿದ್ದಿಲ್ಲೆ, ಆನು ನೋಡಿದ್ನಿಲ್ಲೆ. ನೋಡಿದ್ದೆ ಹೇಳಿ ನೀನೇ ಬರದ್ದೆ. ಇನ್ನು ಆನು ಎಂತ ಮಾಡ್ಲಿ?"

ಸಿಟ್ಟೆಲ್ಲ ಇಳಿದುಹೋಯಿತು. ಕೇಳದೆ, ಹೇಳದೆ ಇದ್ದದ್ದರಿಂದಲೇ ಅದು ಅಷ್ಟು ಕಾಲ ಉಳಿದಿತ್ತು. ನಾಲ್ಕು ಪುಟ ಬರೆದ ನನಗೆ ಅಷ್ಟು ಹೊಳೆದಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ ಎಂದು ನೆವ ಹೇಳಬಹುದು. ಆದರೆ ನಾನು ಅದೇ ಮನೆಯಲ್ಲಿ ಆಡಿ ಬೆಳೆದವನು.

ಆ ವರ್ಷವೂ ಅವಳು, ಹಿತ್ತಲಿನಾಚೆ ಬಿದ್ದ ಹಣ್ಣಿನಿಂದಲೋ ಏನೋ, ಒಂದು ಕುಡಿಕೆ ತುಪ್ಪ ತೆಗೆದು ತಂದು ಕಟ್ಟೆಯ ಮೇಲೆ ಇಟ್ಟಿದ್ದಳಂತೆ. ಬೆಲ್ಲ ಹಾಕಿಡುತ್ತಿದ್ದ ನನ್ನ ಅತ್ತೆ ಈ ಸಲ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅವಳೇ ಬಂದು ತೆಗೆದುಕೊಂಡು ಹೋದಳು. ಅದನ್ನು ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ.

ಶಿರಸ್ತೇದಾರರಿಗೆ, ಅವರ ಮೇಲಿನವರಿಗೆ ಎರಡು ವರ್ಷ ಅರ್ಜಿ ಬರೆದೆ. ವರದಿ ವಾಪಸ್ಸು ಪಡೆಯುತ್ತೇನೆಂದೆ. ಒಮ್ಮೆ ಸೇರಿದ ಕಾಗದ ಫೈಲಿನಿಂದ ಹೊರಗೆ ಬರುವುದಿಲ್ಲ ಎಂದರು. ಅಷ್ಟರಲ್ಲಿ ಅವಳು ಮಗಳ ಜೊತೆ ಮಣ್ಣು ಹೊರುವ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದೇ ಹೋಗಿದ್ದೆ. ಅವಳು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, "ಬನ್ನಿ ಸಾಯೇಬ್ರೆ" ಎಂದಳು. ಸಣ್ಣೊಡೇರು ಎನ್ನುವುದು ಹೋಗಿತ್ತು. ಅಂದುಕೊಂಡದ್ದು ಒಂದೂ ಬರದೆ, ಊಟ ಆಯಿತೇ ಎಂದು ಕೇಳಿದೆ.



"ಆಯ್ತು ಅಂತ ಬರ್ಕಳಿ," ಎಂದಳು.