ಒಂದ್ಕಡೆ ಮೇಸ್ತ್ರಿಯ ಎರಡು ಡ್ರಮ್ಮು

ನಮ್ಮ ಬೀದಿಯ ಕೊನೆಯ ಗ್ಯಾರೇಜಿನವರನ್ನು ಎಲ್ಲರೂ ಒಂದ್ಕಡೆ ಮೇಸ್ತ್ರಿ ಎನ್ನುತ್ತಾರೆ. ಎದುರಿಗೇ ಹಾಗೆ ಕರೆದರೂ ಬೇಸರವಿಲ್ಲ; ಬಿರುದು ಬಂದವರ ಹಾಗೆ ಓಗೊಡುತ್ತಾರೆ. ಗಾಡಿಯ ಎರಡೂ ಹಿಂದಿನ ಗಾಲಿಗಳ ಬ್ರೇಕು ಕೆಟ್ಟಿದ್ದರೂ ಅವರು ಬಿಚ್ಚುವುದು ಒಂದನ್ನೇ. ಆ ಕಡೆ ಪೂರ್ತಿ ಜೋಡಿಸಿ, ಗಾಲಿ ಹಾಕಿ, ಕೈ ಒರೆಸಿಕೊಂಡ ಮೇಲೆಯೇ ಇನ್ನೊಂದರ ಮಾತು. ಹಾಗೆ ಮಾಡಿದರೆ ಸಾಮಾನು ಬೆರಕೆಯಾಗುವುದಿಲ್ಲ, ಅನುಮಾನ ಬಂದರೆ ಬಿಚ್ಚದ ಗಾಲಿಯನ್ನು ನೋಡಿ ಕಲಿಯಬಹುದು ಎನ್ನುವುದು ಅವರ ಶಾಸ್ತ್ರ.

ಗ್ಯಾರೇಜಿನ ಮೇಲೆಯೇ ಮನೆ. ಗಡ್ಡಕ್ಕೂ ಇದೇ ನೇಮ ಎಂದು ಅವರ ಹೆಂಡತಿ ಕಿಟಕಿಯಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಾರೆ. ಎಡಗೆನ್ನೆ ಮುಗಿಯುವ ತನಕ ಬಲಗೆನ್ನೆಗೆ ಸೋಪು ಮುಟ್ಟಿಸುವಂತಿಲ್ಲವಂತೆ. ಒಮ್ಮೆ ನಡುವೆ ಯಾರೋ ಬಂದು ಹಾರನ್ ಹೊಡೆದರು. ಮೇಸ್ತ್ರಿ ಇಳಿದು ಬಂದವರು ಮಧ್ಯಾಹ್ನದವರೆಗೂ ಅರ್ಧ ಮುಖ ಮದುಮಗ, ಅರ್ಧ ಮುಖ ಸನ್ಯಾಸಿಯಾಗಿ ಕೆಲಸ ಮಾಡಿದರು. ಹದಿನಾರನೇ ವಯಸ್ಸಿಗೆ ಬಸ್ ಡಿಪೋ ಸೇರಿ, ಮೂವತ್ತು ವರ್ಷ ಬಸ್ಸುಗಳ ಹೊಟ್ಟೆಯಡಿ ಮಲಗಿ, ಆಮೇಲೆ ಸ್ವಂತ ಗ್ಯಾರೇಜು ಹಾಕಿದವರು. ಮಾತು ಕಮ್ಮಿ. ಆ ಕೊರತೆ ತುಂಬಲು ನಾನಿದ್ದೆ.

ನನ್ನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನನ್ನ ಅಕ್ಕ ಮನೆ ಸಾಮಾನು ಸಾಗಿಸುವ ಕೆಲಸ ಮಾಡುತ್ತಾಳೆ. ಇಪ್ಪತ್ತೆರಡು ವರ್ಷ ಹಳೆಯ ದೊಡ್ಡ ಪಿಕಪ್ಪು ಅವಳದು. ಅವಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ದಾರಿ ತಪ್ಪಿಸುತ್ತೇನೆ. ಫೋನಿನಲ್ಲಿ ಬುಕಿಂಗ್ ಬರೆದುಕೊಳ್ಳುವುದೂ ನನ್ನ ಜವಾಬ್ದಾರಿ.

ಅದರ ಹಿಂದಿನ ಗಾಲಿಗಳ ಬ್ರೇಕ್ ಡ್ರಮ್ಮುಗಳು ಸವೆದು, ಒಳಗೆ ಬೆರಳಾಡಿಸಿದರೆ ಗ್ರಾಮಫೋನ್ ತಟ್ಟೆಯ ಹಾಗೆ ಗೀರು ಸಿಗುತ್ತಿತ್ತು. ಲೇತಿಗೆ ಹಾಕಿಸಿ ನುಣುಪು ಮಾಡಿಸೋಣ ಎಂದೆ. ಮೇಸ್ತ್ರಿ ಅಳತೆ ಹಿಡಿದು ನೋಡಿದರು. "ಇನ್ನೊಂದ್ಸಲ ತುರಿದ್ರೆ ಡ್ರಮ್ ಇರಲ್ಲ ಸಾರ್, ಬಳೆ ಇರತ್ತೆ. ಹೊಸದೇ ಹಾಕ್ಬೇಕು. ಬೆಳಿಗ್ಗೆ ಬಿಟ್ಟು ಹೋಗಿ, ಸಂಜೆ ಬನ್ನಿ."

ಸಂಜೆಯವರೆಗೆ ಕಾಯುವಂತಿರಲಿಲ್ಲ. ಗಾಡಿ ಬಿಡಬೇಕಾದ ದಿನವೇ ಮಧ್ಯಾಹ್ನ ಎರಡು ಗಂಟೆಗೆ ನಾನು ಒಂದು ಮನೆಯ ಕೆಲಸ ಒಪ್ಪಿಕೊಂಡು, ಅಕ್ಕನಿಗೆ ಹೇಳಲು ಮರೆತಿದ್ದೆ. ಮರೆತದ್ದು ಗೊತ್ತಾದರೆ ಅವಳು ಬೈಯುವ ಬೈಗುಳ ನನಗೆ ಬಾಯಿಪಾಠವಿತ್ತು. ಆದ್ದರಿಂದ ಬೆಳಿಗ್ಗೆ ಅಕ್ಕ ಗಾಡಿ ಬಿಟ್ಟು ಹೋದ ಮೇಲೆ ನಾನು ಗ್ಯಾರೇಜಿನಲ್ಲೇ ಕೂತೆ.

"ಮೇಸ್ತ್ರಿ, ಎರಡೂ ಕಡೆ ಒಟ್ಟಿಗೇ ಬಿಚ್ಚಿಬಿಡಿ. ಅಕ್ಕ ಕೆಂಡ ಆಗಿದಾಳೆ."

"ಹಂಗೆ ಮಾಡಲ್ಲ ನಾನು."

"ಒಂದೇ ಒಂದು ಸಲ. ನಾನಿದ್ದೀನಲ್ಲ ಸಹಾಯಕ್ಕೆ!"

ಅಕ್ಕನ ಮೇಲಿನ ಗೌರವಕ್ಕೆ ಅವರು ಒಪ್ಪಿದರು. ಅಕ್ಕ ಆ ಹೊತ್ತಿಗೆ ಮನೆಯಲ್ಲಿ ಹಾಡಿಕೊಳ್ಳುತ್ತ ಬಟ್ಟೆ ಮಡಚುತ್ತಿದ್ದಳು.

ಹಳೆಯ ಡ್ರಮ್ಮುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಸುತ್ತಿಗೆಯಲ್ಲಿ ಸುತ್ತಲೂ ಬಡಿದು, ಎಣ್ಣೆ ಬಿಟ್ಟು, ಮತ್ತೆ ಬಡಿದು ಎಳೆದರು. ಎಡಗಡೆಯ ಸಾಮಾನು ಒಂದು ಹಾಳೆಯ ಮೇಲೆ, ಬಲಗಡೆಯದು ಇನ್ನೊಂದರ ಮೇಲೆ ಸಾಲಾಗಿ ಇಟ್ಟರು. ಹೊಸ ಡ್ರಮ್ಮಿನ ಒಳಗೆ ಬಳಿದಿದ್ದ ಎಣ್ಣೆ ತೊಳೆಯುವ ಕೆಲಸ ನನಗೆ ಕೊಟ್ಟರು. ಅದನ್ನು ಮುಗಿಸಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಉತ್ಸಾಹ ಬಂತು. ಹಾಳೆಗಳ ಮೇಲೆ ಜಿಡ್ಡು ಮೆತ್ತಿಕೊಂಡ ಎರಡು ಅಡ್ಜಸ್ಟರ್ ಕಂಡವು, ಬೆರಳುದ್ದದ ತಿರುಪುಗಳು, ನಡುವೆ ಹಲ್ಲಿನ ಚಕ್ರ. ಎರಡನ್ನೂ ಎತ್ತಿ ಒಂದೇ ಡಬ್ಬಿಯ ಸೀಮೆಎಣ್ಣೆಗೆ ಹಾಕಿ ಫಳಫಳ ತೊಳೆದೆ.

ಮೇಸ್ತ್ರಿ ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಹೊಸ ಬ್ರೇಕ್ ಶೂಗಳನ್ನು ಎಡಗಡೆಯ ಗಾಲಿಗೆ ಕೂರಿಸುತ್ತ, ತಲೆ ಎತ್ತದೆ ಕೈ ಚಾಚಿದರು. "ಎಡದ್ದು ಯಾವ್ದು ಸಾರ್?"

ನೋಡಿದೆ. ಎರಡೂ ಅವಳಿ ಮಕ್ಕಳ ಹಾಗಿದ್ದವು.

"ಇದು" ಎಂದು ಒಂದನ್ನು ಕೊಟ್ಟೆ. ಅಕ್ಕನಿಗೆ ದಾರಿ ತೋರಿಸುವಾಗ ಇರುತ್ತದಲ್ಲ, ಅದೇ ಧೈರ್ಯ.

ಆ ತಿರುಪಿನ ಮಹಿಮೆ ನನಗೆ ತಿಳಿದದ್ದು ಆಮೇಲೆ. ಶೂ ಸವೆದಂತೆಲ್ಲ ಅದು ತಾನೇ ಚೂರುಚೂರು ತಿರುಗಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳಬೇಕು. ಗಾಡಿ ಹಿಂದಕ್ಕೆ ತೆಗೆದು ಬ್ರೇಕು ಒತ್ತಿದಾಗ ಈ ಕೆಲಸ ನಡೆಯುತ್ತದೆ. ಎಡದ ಥ್ರೆಡ್, ಅಂದರೆ ತಿರುಪಿನ ಸುತ್ತು, ಒಂದು ದಿಕ್ಕು, ಬಲದ್ದು ಇನ್ನೊಂದು. ಅದಲುಬದಲಾದರೆ ಬ್ರೇಕು ಬಿಗಿಯಾಗುವ ಬದಲು ದಿನದಿನಕ್ಕೆ ಸಡಿಲವಾಗುತ್ತದೆ. ನಮ್ಮ ಕೆಲಸವೋ, ದಿನಕ್ಕೆ ಹತ್ತು ಸಲ ಮನೆ ಬಾಗಿಲಿಗೆ ಹಿಂದಕ್ಕೆ ತಗೊಳ್ಳುವುದೇ.

ಎರಡು ಗಂಟೆಯೊಳಗೆ ಗಾಡಿ ಸಿಕ್ಕಿತು, ಬುಕಿಂಗ್ ಆಗತಾನೇ ಬಂತು ಎಂದು ಅಕ್ಕನಿಗೆ ಹೇಳಿದೆ. ಮೊದಲ ಎರಡು ದಿನ ಬ್ರೇಕು ಬಂಗಾರ. ನಾಲ್ಕನೇ ದಿನ ಅಕ್ಕ, "ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿದೆಯೇನೋ" ಎಂದಳು. "ಹೊಸದು, ಹೊಂದ್ಕೋಬೇಕು" ಎಂದೆ. ಆ ಸೀಮೆಎಣ್ಣೆಯ ಡಬ್ಬಿ ನೆನಪಾಯಿತು. ಆಮೇಲೆ ಅವಳು ಬ್ರೇಕು ಒತ್ತಿದಾಗಲೆಲ್ಲ ನನ್ನ ಬಲಗಾಲೂ ನೆಲ ಒತ್ತುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ.

ಒಂಬತ್ತನೇ ದಿನ ಇಳಿಜಾರಿನ ಓಣಿಯಲ್ಲಿ ಒಂದು ಮನೆ. ಸಾಮಾನೆಲ್ಲ ಹೊರಗಿಟ್ಟು, ಮನೆಯ ಅಜ್ಜಿ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಕ್ಕ ಹಿಂದಕ್ಕೆ ತಗೊಂಡಳು, ಬ್ರೇಕು ಒತ್ತಿದಳು, ಪೆಡಲ್ ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಪಟಪಟ ಮತ್ತೆ ಮೂರು ಸಲ ತುಳಿದಳು. ನಿಂತಿತು. ಇಳಿದು ನೋಡಿದರೆ ಅಜ್ಜಿಯ ಮಂಡಿಗೂ ಗಾಡಿಗೂ ಒಂದು ಗೇಣು.

"ಕುರ್ಚಿ ಸಮೇತ ಸಾಗಿಸ್ತೀರೇನೋ ಅಂದ್ಕೊಂಡೆ ಕಣಮ್ಮ" ಎಂದರು ಅಜ್ಜಿ. ನಗು ಬರಲಿಲ್ಲ. ಅಕ್ಕ ಹುಡುಕಿ ತಂದು ಹಿಂದಿನ ಗಾಲಿಗೆ ಕಲ್ಲು ಇಟ್ಟಳು.

ಕೆಲಸ ಬಿಟ್ಟು, ಆಮೆಯ ಹಾಗೆ ಗ್ಯಾರೇಜಿಗೆ ಬಂದೆವು. ಮೇಸ್ತ್ರಿ ಒಂದು ಕಡೆ ಬಿಚ್ಚಿದರು. ಅಡ್ಜಸ್ಟರ್ ತೆಗೆದು ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದರು.

"ಬಲದ್ದು ಎಡಕ್ಕೆ ಹಾಕಿದೀನಿ."

"ನಲವತ್ತು ವರ್ಷದ ಕೈ ಅಂತ ನಂಬಿದ್ದೆ ಮೇಸ್ತ್ರಿ" ಎಂದಳು ಅಕ್ಕ. "ಇವತ್ತು ಒಂದು ಜೀವ ಹೋಗ್ತಿತ್ತು."

"ಕೈ ಅಲ್ಲಮ್ಮ, ಕಣ್ಣು. ಕಣ್ಣು ಹೋಗಿದೆ ನಂದು."

ನನ್ನ ಕಡೆ ಅವರು ತಿರುಗಲೂ ಇಲ್ಲ. ಯಾರು ಕೊಟ್ಟರೆಂಬುದು ಅವರಿಗೆ ಲೆಕ್ಕಕ್ಕೇ ಇಲ್ಲ. ಹಾಕಿದ್ದು ತಾನು, ತಪ್ಪು ತನ್ನದು. ಎರಡನ್ನೂ ಅದರದರ ಕಡೆಗೆ ಹಾಕಿ ಕೊಡುವ ತನಕ ನಾನು ಗೋಡೆಯ ಸ್ಪ್ಯಾನರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಎಣಿಸುತ್ತ ನಿಂತೆ.

ಮಾರನೆಯ ದಿನ ಗ್ಯಾರೇಜಿನ ಗೋಡೆಯ ಮೇಲೆ 'ಬ್ರೇಕ್ ಕೆಲಸ' ಎಂಬ ಅಕ್ಷರಗಳಿಗೆ ಡಾಂಬರು ಬಳಿದಿತ್ತು. ಮೇಲಿನಿಂದ ಅವರ ಹೆಂಡತಿ ನನ್ನನ್ನು ಕಂಡು, "ಏನೂ ತಿಂತಾ ಇಲ್ಲ ಇವರು. ಇನ್ಮೇಲೆ ಬರೀ ಎಣ್ಣೆ ಬದಲಾಯಿಸೋದು, ಪಂಕ್ಚರ್ ಅಂತೆ. ನೀವಾದ್ರೂ ಒಂದು ಮಾತು ಹೇಳಿ. ನಿಮ್ಮ ಮಾತು ಅಂದ್ರೆ ಅವರಿಗೆ ಇಷ್ಟ" ಎಂದರು.

ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮೂರು ದಿನ ಆ ಬೀದಿ ಬಿಟ್ಟು ಸುತ್ತು ಹಾಕಿ ಓಡಾಡಿದೆ. ನಾಲ್ಕನೆಯ ದಿನ ಗಾಡಿಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ: ಬುಕಿಂಗ್, ಸುಳ್ಳು, ಡಬ್ಬಿ, 'ಇದು'. ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ಬೈಯಲಿಲ್ಲ, ಅದೇ ಹೆದರಿಕೆ.

"ಇಳಿ. ಹೋಗಿ ಅವರಿಗೆ ಹೇಳು."

"ನೀನೂ ಬಾರೇ ಅಕ್ಕ."

"ನಾನು ಬಂದ್ರೆ ನನ್ನ ಮುಖ ನೋಡಿ ಅವರು ಸುಮ್ಮನಾಗ್ತಾರೆ. ನಿನಗೆ ಅದೂ ಸಿಗಬಾರದು."

ಮೇಸ್ತ್ರಿ ಒಂದು ಟ್ಯೂಬಿಗೆ ಗಾಳಿ ಹಾಕಿ ನೀರಲ್ಲಿ ಮುಳುಗಿಸುತ್ತಿದ್ದರು. ನಿಂತೇ ಹೇಳಿದೆ. ನೀರಿನ ಗುಳ್ಳೆಗಳನ್ನು ನೋಡುತ್ತಲೇ ಕೇಳಿದರು.

"ಗೊತ್ತಿಲ್ದೆ ಕೊಟ್ರಾ?"

"ಹ್ಞೂಂ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು."

"ಗೊತ್ತಿಲ್ಲ ಅಂದಿದ್ರೆ ಥ್ರೆಡ್ ನೋಡ್ತಿದ್ದೆ. ಅರ್ಧ ನಿಮಿಷ." ಟ್ಯೂಬು ಕೈಬಿಟ್ಟರು. "ನಿಮ್ಮಕ್ಕ ಒಂಬತ್ತು ದಿನ ಆ ಗಾಡಿ ಓಡಿಸಿದಾರೆ. ಪಕ್ಕದಲ್ಲಿ ನೀವು ಕೂತಿದ್ರಿ."

"ಹೌದು."

"ನನ್ನ ಕಣ್ಣು ಹೋಯ್ತು ಅಂತ ನಾನು ನಮ್ಮನೆಯವಳ ಹತ್ರ ಅತ್ತಿದೀನಿ, ಗೊತ್ತಾ ನಿಮಗೆ?"

ತೇಲುತ್ತಿದ್ದ ಟ್ಯೂಬನ್ನು ಎತ್ತಿಕೊಡಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡೆ. ಅವರು "ನೋಡಿ ಹಾಕ್ಬೇಕಿತ್ತು ನಾನು" ಎಂದು ತಮಗೇ ಹೇಳಿಕೊಂಡು ಒಳಗೆ ಹೋದರು. ಕ್ಷಮಿಸಿದರೋ ಇಲ್ಲವೋ ತಿಳಿಯದೆ ಮನೆಗೆ ಬಂದೆ.

ವಾರ ಬಿಟ್ಟು ಹೋದಾಗ ಗೋಡೆಯ ಡಾಂಬರನ್ನು ಯಾರೋ ಕೆರೆದಿದ್ದರು. ಅಕ್ಷರಗಳು ಹೊಗೆಯೊಳಗಿಂದ ಇಣುಕಿದ ಹಾಗಿದ್ದವು. ಒಳಗೆ ಜಾಕಿಯ ಮೇಲೆ ಒಂದು ವ್ಯಾನು, ಒಂದೇ ಗಾಲಿ ಬಿಚ್ಚಿತ್ತು. ಮೇಸ್ತ್ರಿ ಅಡ್ಜಸ್ಟರನ್ನು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮೊದಲು ಇಷ್ಟು ನೋಡುತ್ತಿರಲಿಲ್ಲ. ಅದೂ ನನ್ನ ಕೊಡುಗೆಯೇ.

ಹೊಸ್ತಿಲಾಚೆ ನಿಂತು ಕೇಳಿದೆ. "ಒಳಗೆ ಬರ್ಲಾ ಮೇಸ್ತ್ರಿ?"

ತಿರುಗಿ ನೋಡಿದರು. ಸೀಮೆಎಣ್ಣೆಯ ಡಬ್ಬಿಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ಕೈ ಕಟ್ಕೊಂಡು ಬನ್ನಿ."